ಸಾಕ್ಷಿ ಸಹಿ ಅಷ್ಟೇ

ಬುಧವಾರ, ಹದಿನಾಲ್ಕನೇ ತಾರೀಖು
ಹೊಲಿಗೆ ಅಂಗಡಿಯಿಂದ

ನನ್ನ ದೊಡ್ಡ ಮಗಳೇ,

ನಿನ್ನ ಕಾಗದ ತಲುಪಿತು. ಎಂದಿನಂತೆ ನನ್ನ ಮಂಡಿನೋವು, ತಮ್ಮನ ಬೇಕರಿ ಎಲ್ಲ ವಿಚಾರಿಸಿದ್ದೀಯ. ಎಂದಿನಂತೆ ಅಪ್ಪನ ಬಗ್ಗೆ ಒಂದಕ್ಷರವಿಲ್ಲ. ನೀನು ಅವರ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ಅವರು ಮಾತ್ರ ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡರೆ ಸಾಕು, ಇಸ್ತ್ರಿ ಮಾಡುವ ನೆಪದಲ್ಲಿ ನನ್ನ ಪಕ್ಕದಲ್ಲೇ ನಿಂತಿರುತ್ತಾರೆ. ನಾನು ಬೇಕೆಂದೇ ಗಟ್ಟಿಯಾಗಿ ಓದುತ್ತೇನೆ.

ಈ ಸಲ ಬ್ಯಾಂಕಿನ ಒಬ್ಬ ಹುಡುಗಿಯ ವಿಷಯ ಹೇಳಬೇಕು. ನಿನ್ನ ತಮ್ಮನಿಗೆ ಬೇಕರಿಗೆ ದೊಡ್ಡ ಓವನ್ ಬೇಕಂತೆ. ಸಾಲ ಅವನದು, ಜಾಮೀನು ನನ್ನದು, ಜಾಮೀನಿಗೆ ಈ ಅಂಗಡಿ. ಹೆತ್ತವರಿಗೆ ಹೆಗ್ಗಣ ಮುದ್ದು ನೋಡು, ಒಂದು ಪ್ರಶ್ನೆ ಕೇಳದೆ ಹೊರಟೇಬಿಟ್ಟೆ.

ಸಾಲದ ಮೇಡಂ ನಿನ್ನ ವಯಸ್ಸಿನವಳೇ. ನಾನು ಪೆನ್ನಿನ ಮುಚ್ಚಳ ತೆಗೆದೆ, ಅವಳು ಕಾಗದ ಹಿಂದಕ್ಕೆ ಎಳೆದುಕೊಂಡಳು. ನಿಮ್ಮ ಹಳೇ ಸಾಲದ ವಿಷಯ ಅಮ್ಮನಿಗೆ ತಿಳಿಸಲು ನೀವು ಒಪ್ಪಬೇಕು, ಇಲ್ಲದಿದ್ದರೆ ಅವರ ಸಹಿ ನಾನು ತೆಗೆದುಕೊಳ್ಳುವುದಿಲ್ಲ ಎಂದು ನಿನ್ನ ತಮ್ಮನಿಗೆ ಕಡ್ಡಿ ಮುರಿದಂತೆ ಹೇಳಿದಳು. ಅವನು ಮುಖ ಹುಳ್ಳಗೆ ಮಾಡಿಕೊಂಡು ಒಪ್ಪಿದ. ಆಮೇಲೆ ಅವನನ್ನು ಹೊರಗಿನ ಬೆಂಚಿಗೆ ಕಳಿಸಿ ಬಾಗಿಲು ಹಾಕಿದಳು. ಮಕ್ಕಳು ಪಕ್ಕದಲ್ಲಿ ಕೂತಿದ್ದರೆ ತಾಯಂದಿರಿಗೆ ಅನುಮಾನವೇ ಬರುವುದಿಲ್ಲವಂತೆ.

ಹಳೇ ಸಾಲ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಅದರಲ್ಲಿ ನಾಲ್ಕು ಕಂತು ತಪ್ಪಿದೆ. ಆ ಕಾಗದದ ಪ್ರಕಾರ ನನ್ನ ಅಂಗಡಿ ಓವನ್ನಿಗೆ ಮಾತ್ರವಲ್ಲ, ಹಳೆಯದಕ್ಕೂ, ಮುಂದೆ ಅವನು ಮಾಡುವ ಸಾಲಕ್ಕೂ ಹೊಣೆ. ಅಷ್ಟಕ್ಕೇ ಬಿಡಲಿಲ್ಲ ಆ ಪುಣ್ಯಾತ್ಗಿತ್ತಿ.

"ನಾನು ಹೇಳಿದ್ದು ಸಾಕಮ್ಮ. ಅವರು ಕಟ್ಟದೇ ಹೋದ್ರೆ ಏನಾಗತ್ತೆ ಅಂತ ಈಗ ನೀವು ನನಗೆ ಹೇಳಿ," ಅಂದಳು.

"ಬ್ಯಾಂಕಿನೋರು ನನ್ನ ಅಂಗಡಿ ತಗೋತಾರೆ," ಅಂದೆ. ಆ ಮಾತು ನನ್ನ ಬಾಯಿಂದಲೇ ಬಂದಾಗ ಅಳು ತಡೆಯಲಾಗಲಿಲ್ಲ.

ಕಾಗದ ಮನೆಗೊಯ್ದು ಓದಿ, ಬ್ಯಾಂಕಿಗೆ ಸಂಬಂಧವಿಲ್ಲದ ವಕೀಲರಿಗೆ ತೋರಿಸಿ, ವಾರ ಬಿಟ್ಟು ಬರಲು ಹೇಳಿದಳು. ಓವನ್ನಿನ ಸಾಲಕ್ಕಷ್ಟೇ ಜಾಮೀನು ನಿಲ್ಲಬಹುದು ಎಂಬುದನ್ನೂ ತಿಳಿಸಿದಳು. ಈ ನಡುವೆ ಮ್ಯಾನೇಜರು ಎರಡು ಸಲ ಬಾಗಿಲಲ್ಲಿ ಇಣುಕಿ ಗಡಿಯಾರ ನೋಡಿಕೊಂಡರು. ಅವಳು ಕತ್ತೆತ್ತಲೂ ಇಲ್ಲ. ಸಾಲ ಕೊಡಿಸಿದರೆ ತಾನೇ ಅವಳಿಗೆ ಹೆಸರು? ಅದಕ್ಕೆ ಕಲ್ಲು ಬಿದ್ದರೂ ಸರಿ, ಗುರುತಿಲ್ಲದ ನನ್ನನ್ನು ಕತ್ತಲಲ್ಲಿಡಲಿಲ್ಲ. ಗಿರಾಕಿಯ ಅಳತೆ ತೆಗೆಯುವಾಗ ನಾನೂ ಇಷ್ಟು ಸಲ ಕೇಳುವವಳಲ್ಲ.

ವಾರದ ಮೇಲೆ ಓವನ್ನಿನಷ್ಟಕ್ಕೇ ಸಹಿ ಹಾಕಿದೆ. ನಿನ್ನ ತಮ್ಮ ಎರಡು ದಿನ ಮುನಿಸಿಕೊಂಡಿದ್ದ. ಮೂರನೇ ದಿನ ಬಿಸಿ ಬನ್ನು ತಂದಿಟ್ಟು ಹಳೇ ಸಾಲದ ಕತೆಯೆಲ್ಲ ಬಾಯಿಬಿಟ್ಟ.

ಬ್ಯಾಂಕಿನಿಂದ ಬರುವ ದಾರಿಯುದ್ದಕ್ಕೂ ನಿನ್ನದೇ ನೆನಪು. ಡ್ರೈವರಾಗಿದ್ದ ಅಪ್ಪ ಸ್ವಂತ ಲಾರಿ ಕೊಳ್ಳಲು ಮಾಡಿದ ಸಾಲಕ್ಕೆ ನೀನು ಜಾಮೀನಾದಾಗ ನಿನಗೆ ಇಪ್ಪತ್ತೆರಡು. ಬ್ಯಾಂಕಿನವರು ಕಾಗದ ಮನೆಗೇ ಕೊಟ್ಟು ಕಳಿಸಿದ್ದರು. ನಿನ್ನನ್ನು ಕೂರಿಸಿ ಯಾರೂ ಏನೂ ಕೇಳಲಿಲ್ಲ. ಸಾಕ್ಷಿ ಸಹಿ ಅಷ್ಟೇ, ಅಪ್ಪ ಹೇಳಿದ್ದಾರೆ ಅಂದೆ ನಾನು. ನೀನು ನಂಬಿ ಹಾಕಿದೆ. ಲಾರಿ ಕೈಕೊಟ್ಟಿತು, ಐದು ವರ್ಷ ನಿನ್ನ ಸಂಬಳ ಅದಕ್ಕೇ ಹೋಯಿತು. ಆವತ್ತು ಅಂಥ ಒಬ್ಬ ಹುಡುಗಿ ನಿನ್ನೆದುರು ಕೂತಿದ್ದರೆ!

ಹೊತ್ತು ಹೊತ್ತಿಗೆ ಊಟ ಮಾಡು.

ಇಂತಿ,
ನಿನ್ನ ಅಮ್ಮ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಅಪ್ಪ ಹಾಗೆ ಹೇಳಿರಲೇ ಇಲ್ಲ. "ಮಗೂಗೆ ಎಲ್ಲಾ ಬಿಡಿಸಿ ಹೇಳು, ಒಪ್ಪಿದ್ರೆ ಮಾತ್ರ ಸಹಿ ಹಾಕ್ಸು," ಎಂದು ಕಾಗದ ನನ್ನ ಕೈಗಿಟ್ಟು ಡ್ಯೂಟಿಗೆ ಹೋಗಿದ್ದರು. ನೀನು ಒಲ್ಲೆ ಅಂದುಬಿಟ್ಟರೆ ಎಂಬ ಭಯಕ್ಕೆ ಸುಳ್ಳು ಹೇಳಿದವಳು ನಾನು. ಆಮೇಲೆ ನಿಜ ಹೇಳಲು ಹೊರಟಾಗಲೆಲ್ಲ, ಅವಳಿಗೆ ಅಮ್ಮನಾದರೂ ಇರಲಿ ಬಿಡು ಎಂದು ಅವರೇ ತಡೆದರು. ಈ ಕಾಗದವನ್ನೂ ಅವರಿಗೆ ಓದಿ ಹೇಳಿದೆ. ಈ ಕೊನೆಯ ತುಂಡು ಹರಿದು ಹಾಕು ಅಂದರು. ಹರಿಯಲಿಲ್ಲ. ಇನ್ನು ನನಗೆ ಬರೆಯುವ ಮನಸ್ಸಾಗದಿದ್ದರೆ ಅವರ ಹೆಸರಿಗೆ ಬರೆ. ಅವರು ಓದುವಾಗ ನಾನು ಇಸ್ತ್ರಿ ಮಾಡುತ್ತಾ ಪಕ್ಕದಲ್ಲಿ ನಿಂತಿರುತ್ತೇನೆ.