ಎರಡು ಕುದುರೆ, ನಾಲ್ಕು ಜನ

ಫೋರ್ಕ್ ಕ್ರೀಕ್, ಮಿನ್ನೆಸೋಟ
ಆಗಸ್ಟ್ 26, ಸೋಮವಾರ

ಪ್ರೀತಿಯ ಆರ್ಡಿತ್‌ಗೆ,

ನಿನ್ನ ಮನೆ ಇಲ್ಲಿಂದ ನಾಲ್ಕೇ ಮೈಲಿ. ಆದರೂ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ನಕ್ಕುಬಿಡುತ್ತೀಯ, ನೀನು ನಕ್ಕರೆ ನನ್ನ ಸಿಟ್ಟು ಇಳಿದುಹೋಗುತ್ತದೆ. ಈ ಸಲ ಅದು ಇಳಿಯುವುದು ನನಗೆ ಬೇಕಿಲ್ಲ.

ಪ್ರವಾಸದ ಯೋಜನೆ ಬರೆದು ಕಳಿಸಿದ್ದೀಯ, ಆರು ಪುಟ. ಹನ್ನೊಂದು ವರ್ಷದಿಂದ ಸೆಪ್ಟೆಂಬರ್ ಬಂತೆಂದರೆ ನಾವಿಬ್ಬರೂ ಕುದುರೆಗಳನ್ನು ಕರೆದುಕೊಂಡು ಹೋಗಿ ನದೀದಡದ ಪಾರ್ಕಿನಲ್ಲಿ ಟೆಂಟ್ ಹಾಕುತ್ತೇವೆ. ಅಷ್ಟೂ ವರ್ಷ ಪಾರ್ಕಿಗೆ ಫೋನ್ ಮಾಡಿ ಜಾಗ ಕಾದಿರಿಸಿದವಳು, ಹಗ್ಗ, ಬಕೆಟ್ಟು, ಜೀನು ಎಂದು ಪಟ್ಟಿ ಬರೆದವಳು ನಾನು. ನೀನು ಕಾಫಿ ಪಾತ್ರೆ ಹಿಡಿದು ಟ್ರಕ್ ಹತ್ತುತ್ತಿದ್ದೆ, ಅದರ ಮುಚ್ಚಳವನ್ನು ಮನೆಯಲ್ಲೇ ಮರೆತು. ಅಂಥವಳು ಜುಲೈನಲ್ಲಿ ಬಂದು, "ನೀನು ಮಂಡಿ ನೋಡ್ಕೊಳೇ ಲವಾನ್, ಈ ಸಲ ಎಲ್ಲಾ ನಾನೇ ಮಾಡ್ತೀನಿ" ಅಂದೆ. ನನ್ನ ಮಂಡಿ ಆರು ವರ್ಷದಿಂದ ನೋಯುತ್ತಿದೆ. ಅವತ್ತೇ ನನಗೆ ಅನುಮಾನ ಬಂತು.

ಮೊದಲ ಮೂರು ದಿನ ರೂಟ್ ನದಿ. ಸರಿ, ಅದು ನಮ್ಮ ಹಳೆಯ ಜಾಗ. ಆಮೇಲೆ ಎರಡು ದಿನ ಝಂಬ್ರೋ ನದಿ. ಕೊನೆಗೆ ಮೂರು ದಿನ ಉತ್ತರದ ಸೇಂಟ್ ಕ್ರಾಯ್ ನದಿ. ನನ್ನ ಮುದಿ ಕುದುರೆ ಹ್ಯಾಂಕ್‌ನನ್ನು ಟ್ರೇಲರಿನಲ್ಲಿ ನಿಲ್ಲಿಸಿಕೊಂಡು ಮೂರು ಗಂಟೆಯ ದಾರಿ. ಯಾಕೆಂದು ಕೇಳಿದರೆ, ಅಲ್ಲಿ ಮೇಪಲ್ ಎಲೆ ಬೇಗ ಕೆಂಪಾಗುತ್ತದೆ ಅಂದೆ. ನೀನು ಯಾವತ್ತು ಎಲೆ ನೋಡಿದವಳು? ಕುದುರೆಯ ಮೇಲೆ ಕೂತರೂ ಹಿಂದಕ್ಕೆ ತಿರುಗಿ ನನ್ನ ಜತೆ ಮಾತಾಡುತ್ತಲೇ ಇರುತ್ತೀಯ.

ನಾಲ್ಕನೆಯ ಪುಟದಲ್ಲಿ ಯಾವ ದಿನಕ್ಕೆ ಎಷ್ಟು ಹುಲ್ಲು ಎಂದು ಬರೆದಿದ್ದೀಯ. ಏಳು ದಿನ ಎರಡು ಕುದುರೆಗೆ. ಎಂಟನೆಯ ದಿನ ಒಂದಕ್ಕೆ. ಕೈತಪ್ಪಿರಬಹುದು ಎಂದು ಮತ್ತೆ ಓದಿದೆ. ತಪ್ಪಲ್ಲ, "ಹ್ಯಾಂಕ್‌ಗೆ" ಎಂದು ಹೆಸರನ್ನೇ ಬರೆದಿದ್ದೀಯ. ಹಾಗಾದರೆ ನಿನ್ನ ಜುನಿಪರ್ ಅವತ್ತು ಎಲ್ಲಿರುತ್ತಾಳೆ?

ಕಳೆದ ವಾರ ಹ್ಯಾಂಕ್‌ನ ರಕ್ತ ಪರೀಕ್ಷೆಗೆ ಹೋಗಿದ್ದೆ. ಆ ಕಾಗದವಿಲ್ಲದೆ ಪಾರ್ಕಿನ ಗೇಟು ದಾಟಲು ಬಿಡುವುದಿಲ್ಲವಲ್ಲ. ಪಶುವೈದ್ಯರ ಆಫೀಸಿನ ಬೆವ್ ತಲೆ ಎತ್ತದೆ ಕೇಳಿದಳು: "ನಿಮ್ಗೂ ವಿಸ್ಕಾನ್ಸಿನ್‌ಗೆ ಹೋಗೋ ಕಾಗದ ಬೇಕಾ? ಆರ್ಡಿತ್ ಜುನಿಪರ್‌ಗೆ ಮಾಡಿಸ್ಕೊಂಡು ಹೋದ್ರಲ್ಲ." ನಾನು ಬೇಡ ಎಂದೆ. ಟ್ರಕ್ಕಿಗೆ ಬಂದು ಕೂತ ಮೇಲೆ ಹೊಳೆಯಿತು. ಸೇಂಟ್ ಕ್ರಾಯ್‌ನ ಆಚೆ ದಡವೇ ವಿಸ್ಕಾನ್ಸಿನ್ ರಾಜ್ಯ, ಗಡಿ ದಾಟುವ ಕುದುರೆಗೆ ಬೇರೆ ಕಾಗದ ಬೇಕು. ಜುನಿಪರ್‌ಳನ್ನು ಮಾರುತ್ತಿದ್ದೀಯ ಎಂದು ತೀರ್ಮಾನಿಸಿದೆ. ಆರು ತಿಂಗಳ ಮರಿಯನ್ನು ನಾಲ್ಕು ಮೈಲಿ ನಡೆಸಿಕೊಂಡು ಬಂದು ನಿನ್ನ ಕೊಟ್ಟಿಗೆಯಲ್ಲಿ ಬಿಟ್ಟವಳು ನಾನು. ಮಾರುವಾಗ ನನಗೊಂದು ಮಾತು ಬೇಡವೇ?

ನಿನ್ನ ಗಂಡ ಮೇವಿನ ಅಂಗಡಿಯಲ್ಲಿ ಸಿಕ್ಕಿದ. ನನ್ನನ್ನು ಕಂಡದ್ದೇ ದನ ನೆಕ್ಕುವ ಉಪ್ಪಿನ ಗಟ್ಟಿಗಳ ಹಿಂದೆ ಸರಿದ. ಬಿಡಲಿಲ್ಲ, ಎದುರು ಹೋಗಿ ನಿಂತೆ. "ನನ್ನ ಏನೂ ಕೇಳ್ಬೇಡ ಲವಾನ್," ಅಂದ ಮೈಲೊ. "ನಂಗೆ ಸುಳ್ಳು ಹೇಳಕ್ಕೆ ಬರಲ್ಲ. ನಿಜ ಹೇಳಿದ್ರೆ ನನ್ನ ಹೆಂಡ್ತಿ ಚಳಿಗಾಲ ಪೂರ್ತಿ ನನ್ನ ಟ್ರೇಲರಲ್ಲಿ ಮಲಗಿಸ್ತಾಳೆ." ಅಲ್ಲಿಗೆ ಅವನಿಗೂ ಗೊತ್ತು, ಬೆವ್‌ಗೂ ಅರ್ಧ ಗೊತ್ತು, ಗೊತ್ತಿಲ್ಲದವಳು ನಾನೊಬ್ಬಳೇ.

ಮನೆಗೆ ಬಂದು ಸೇಂಟ್ ಕ್ರಾಯ್ ಪಾರ್ಕಿಗೆ ಫೋನ್ ಮಾಡಿದೆ. ನಾನೇ ಆರ್ಡಿತ್ ಎಂದು ಹೇಳಿದೆ. ಹೌದು, ಹೇಳಿದೆ. ಆ ಹುಡುಗಿ ಪಾಪ, ಓದಿ ಹೇಳಿದಳು: "ಎರಡು ಕುದುರೆ, ನಾಲ್ಕು ಜನ. ಸರಿಯಾಗಿದೆಯಲ್ಲಾ ಮೇಡಂ? ಆಮೇಲೆ ನೀವು ಕೇಳಿದ್ರಲ್ಲ, ಏಳು ವರ್ಷದ ಮಗೂಗೆ ಹೆಲ್ಮೆಟ್ ನೀವೇ ತರ್ಬೇಕು, ಇಲ್ಲಿ ಕೊಡಲ್ಲ."

ನಾನು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ.

ಏಳು ವರ್ಷದ ಮಗು ಎಂದಮೇಲೆ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಮಗಳು ಸಿಗ್ರಿಡ್ ಆಚೆ ದಡದ ಊರಿನಲ್ಲಿದ್ದಾಳೆಂದು ಗೊತ್ತು. ಮಗು ಹುಟ್ಟಿದಾಗ ಒಂದು ಕಾರ್ಡು ಬಂದಿತ್ತು: ಟಿಲ್ಡಾ, ಏಳು ಪೌಂಡು. ನಾನು ಉತ್ತರ ಬರೆಯಲಿಲ್ಲ. ನಿನ್ನ ಫ್ರಿಜ್ಜಿನ ಮೇಲೆ ಹಲ್ಲು ಬಿದ್ದ ಒಂದು ಹುಡುಗಿಯ ಫೋಟೊ ಇದೆಯಲ್ಲ, ತಂಗಿಯ ಮೊಮ್ಮಗಳು ಅಂದಿದ್ದೆ ನೀನು. ನಿನ್ನ ತಂಗಿಗೆ ಇರುವವರೆಲ್ಲ ಗಂಡು ಮೊಮ್ಮಕ್ಕಳು, ಆರ್ಡಿತ್. ಎಷ್ಟು ದಿನದಿಂದ ನನ್ನ ಮಗಳ ಜತೆ ಮಾತಾಡುತ್ತಿದ್ದೀಯ? ನನ್ನ ಬಗ್ಗೆ ಏನೇನು ಹೇಳಿದ್ದೀಯ? ಅವಳೇನು ಹೇಳಿದಳು?

ನಮ್ಮ ಜಗಳ ನಿನಗೆ ಗೊತ್ತಿರುವುದೇ. ಆ ಲಾರಿ ಡ್ರೈವರನ ಜತೆ ಹೋಗುತ್ತೇನೆ ಎಂದಳು, ಹೋದಳು. ಜಾಗ ಸಿಕ್ಕ ಮೇಲೆ ಬಂದು ತನ್ನ ಕುದುರೆ ವಿಲ್ಲೋಳನ್ನು ಒಯ್ಯುತ್ತೇನೆ ಎಂದಿದ್ದಳು. ನವೆಂಬರಿನಲ್ಲಿ ನಾನೇ ಫೋನ್ ಮಾಡಿ, ಹೊಟ್ಟೆನೋವು ಬಂದು ವಿಲ್ಲೋ ಸತ್ತಳು ಎಂದೆ. "ಸಾಯೋ ಮುಂಚೆ ಒಂದ್ಸಲ ಕರೀಬಾರ್ದಿತ್ತಾ ಅಮ್ಮಾ?" ಎಂದು ಅತ್ತಳು. "ಬಿಟ್ಟು ಹೋದವಳನ್ನ ಯಾಕೆ ಕರೀಬೇಕು?" ಎಂದೆ. ಆಮೇಲೆ ಅವಳ ದನಿ ಕೇಳಿಲ್ಲ. ಬರುವ ನವೆಂಬರಿಗೆ ಹತ್ತು ವರ್ಷ.

ಈಗ ನಾನು ಮಾಡಿದ್ದನ್ನೂ ಹೇಳುತ್ತೇನೆ. ಶುಕ್ರವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದಿದ್ದೆನಲ್ಲ, ಹೋಗಲಿಲ್ಲ. ಕಾರ್ಡಿನ ಲಕೋಟೆಯ ಮೇಲಿನ ವಿಳಾಸ ಹಿಡಿದು ಸೇತುವೆ ದಾಟಿ ಹೋದೆ. ಅವಳ ಮನೆಯ ಎದುರಿನ ಚರ್ಚಿನ ನೆರಳಲ್ಲಿ ಟ್ರಕ್ ನಿಲ್ಲಿಸಿ ಒಂದು ಗಂಟೆ ಕೂತಿದ್ದೆ, ಕಳ್ಳಿಯ ಹಾಗೆ. ಸಿಗ್ರಿಡ್ ಹಿತ್ತಿಲಿನಲ್ಲಿ ಬೇಲಿಗೆ ಹಲಗೆ ಬಡಿಯುತ್ತಿದ್ದಳು, ಅವರಪ್ಪನ ಹಾಗೇ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು. ಸ್ವಲ್ಪ ದಪ್ಪಗಾಗಿದ್ದಾಳೆ. ಮಗು ಬಕೆಟ್ಟಿನಲ್ಲಿ ನೀರು ತಂದು ಬೇಲಿಯ ಮೂಲೆಯಲ್ಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ಸುಮ್ಮನೆ ನಿಂತಿತು. ಇನ್ನೂ ಬಾರದ ಕುದುರೆ ಆಗಲೇ ಬಂದು ಕುಡಿಯುತ್ತಿದೆ, ಗದ್ದಲ ಮಾಡಿದರೆ ಬೆದರುತ್ತದೆ ಅನ್ನುವ ಹಾಗೆ. ಅದನ್ನು ನೋಡಿದ ಮೇಲೆ ಇಳಿಯುವ ಧೈರ್ಯವಾಗಲಿಲ್ಲ. ಊಟವನ್ನೂ ಮಾಡದೆ ವಾಪಸು ಬಂದೆ.

ಆದ್ದರಿಂದ ಕೇಳು. ನನ್ನನ್ನು ಕಣ್ಣು ಕಟ್ಟಿ ಅಲ್ಲಿಗೆ ಕರೆದೊಯ್ಯಲು ನಿನಗೆ ಯಾವ ಹಕ್ಕೂ ಇರಲಿಲ್ಲ. ಇಳಿಯುತ್ತಿದ್ದ ಹಾಗೆ ಅವಳು ಎದುರು ನಿಂತಿದ್ದರೆ ನಾನು ಏನು ಅಂದುಬಿಡುತ್ತಿದ್ದೆನೋ, ನನ್ನ ಬಾಯಿ ನಿನಗೆ ಗೊತ್ತಿಲ್ಲವೇ? ಆದರೂ ನಿನಗೆ ಸೊಂಟ ಕೈಕೊಟ್ಟಿದೆ, ಇನ್ನು ಸವಾರಿ ಆಗುವುದಿಲ್ಲ ಎನ್ನುವುದನ್ನು ನೀನು ಹೇಳದಿದ್ದರೂ ನಾನು ಕಂಡಿದ್ದೇನೆ. ಹೋದ ವರ್ಷ ನೀನು ಜೀನಿನಿಂದ ಇಳಿಯಲು ಮರದ ಬೊಡ್ಡೆ ಹುಡುಕುತ್ತಿದ್ದೆ. ಕುದುರೆಯನ್ನು ಯಾರಿಗೆ ಕೊಡಬೇಕೆಂದು ಕೂತು ಯೋಚಿಸಿ, ನೀನು ಆ ಮಗುವನ್ನು ಆರಿಸಿದೆ. ಅದಕ್ಕೆ ನಿನ್ನ ಮೇಲೆ ಎಷ್ಟು ಸಿಟ್ಟು ಮಾಡಿಕೊಳ್ಳಬೇಕೋ ನನಗೆ ತಿಳಿಯುತ್ತಿಲ್ಲ.

ರೂಟ್ ನದಿಗೂ ಝಂಬ್ರೋಗೂ ನಿನ್ನ ಯೋಜನೆಯಂತೆಯೇ ಬರುತ್ತೇನೆ. ಕಾಡಕ್ಕಿ ಸೂಪು ನಾನು ಮಾಡಿ ತರುತ್ತೇನೆ, ನೀನು ಮುಟ್ಟಬೇಡ. ಮೈಲೊಗೆ ಬೈಯಬೇಡ, ಅವನು ಏನೂ ಹೇಳಲಿಲ್ಲ.

ನಿನ್ನ,
ಲವಾನ್

ತಾ.ಕ.: ಮೂರು ಸಲ ಲಕೋಟೆ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ವಿಲ್ಲೋ ಸತ್ತಿರಲಿಲ್ಲ. ಸಿಗ್ರಿಡ್ ಮನೆ ಬಿಟ್ಟ ಮೂರನೆಯ ವಾರ, ಅಯೋವಾದಿಂದ ಬಂದವನೊಬ್ಬನಿಗೆ ಅವಳನ್ನು ಮಾರಿಬಿಟ್ಟೆ, ಮಗಳು ಬಂದು ಒಯ್ಯಬಾರದು ಎಂದು. ಅವಳ ಮರಿ ಜುನಿಪರ್‌ಳನ್ನು ನಿನಗೆ ಕೊಟ್ಟದ್ದು ದೊಡ್ಡ ಮನಸ್ಸಿನಿಂದಲ್ಲ. ಬೆಳಗಾದರೆ ಅದು ತಾಯಿಗಾಗಿ ಕೂಗುವುದನ್ನು ನನಗೆ ಕೇಳಲಾಗುತ್ತಿರಲಿಲ್ಲ. ಇದನ್ನೆಲ್ಲ ಬರೆದು ಸಿಗ್ರಿಡ್‌ಗೆ ಶನಿವಾರವೇ ಅಂಚೆಗೆ ಹಾಕಿದ್ದೇನೆ. ಓದಿದ ಮೇಲೆ ಅವಳು ಪಾರ್ಕಿಗೆ ಬಾರದೆ ಹೋಗಬಹುದು. ಬಾರದಿದ್ದರೂ ಜುನಿಪರ್‌ಳನ್ನು ನೀನು ಸೇತುವೆ ದಾಟಿಸು. ನಾನು ಹ್ಯಾಂಕ್‌ನನ್ನು ಹಿಡಿದುಕೊಂಡು ಈಚೆ ದಡದಲ್ಲಿ ಕಾಯುತ್ತೇನೆ.