ಕಸದ ಗೆರೆಯವರೆಗೆ

ಸೋಮವಾರ, ಮಧ್ಯಾಹ್ನ
ಮೀನು ಒಣಗಿಸುವ ಅಂಗಳದಿಂದ

ನಮ್ಮ ಮನೆಯ ಮೈಕಿಗೆ,

ಎಲ್ಲರ ಪರವಾಗಿ ಮಾತಾಡುವವಳು ಅಂತ ಊರೆಲ್ಲ ನಿನ್ನನ್ನು ಹಾಗೇ ಕರೆಯುತ್ತದೆ, ನಾನೂ ಕರೆದರೆ ತಪ್ಪಿಲ್ಲವಲ್ಲ. ಸಭೆ ಮುಗಿದ ಸಂಜೆಯೇ ತವರಿಗೆ ಹೋದವಳು, ಇವತ್ತಿಗೆ ಆರು ದಿನ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ ಈ ಮಾತು ನನ್ನ ಬಾಯಲ್ಲಿ ಬರುವುದಿಲ್ಲ, ಅದಕ್ಕೇ ಬರೆದು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅತ್ತೆ ಎರಡು ಹೊತ್ತು ಊಟ ಮಾಡುತ್ತಾರೆ, ಮೂರು ಹೊತ್ತು ನಿನ್ನನ್ನು ಕೇಳುತ್ತಾರೆ. ನಿನ್ನ ಗಂಡ ಬಟ್ಟೆ ತಾನೇ ಒಗೆದುಕೊಳ್ಳಲು ಹೋಗಿ ಇದ್ದ ಎರಡು ಬಿಳಿ ಅಂಗಿಗೂ ನೀಲಿ ಬಣ್ಣ ಹತ್ತಿಸಿದ್ದಾನೆ.

ಸಭೆಯಲ್ಲಿ ನಿನಗಾದ ಅವಮಾನಕ್ಕೆ ನಾನೇ ಕಾರಣ. ಬರೆದುಬಿಟ್ಟೆ. ಇನ್ನು ನಿಧಾನವಾಗಿ ಹೇಳುತ್ತೇನೆ.

ಆರು ವರ್ಷದ ಹಿಂದೆ ನೀನು ನನಗೆ ಓರಗಿತ್ತಿಯಾಗಿ ಬಂದಾಗ ಗುಡ್ಡದ ಮೇಲಿನ ಊರಿನ ಹುಡುಗಿ. ಸಮುದ್ರ ನೋಡಿದ್ದೇ ಮದುವೆಯ ವಾರದಲ್ಲಿ. ಒಣಮೀನಿನ ವಾಸನೆ ತಡೆಯಲಾರದೆ ಅಡುಗೆಮನೆಯ ಕಿಟಕಿ ಹಾಕುತ್ತಿದ್ದೆ, ನಾನು ತೆಗೆಯುತ್ತಿದ್ದೆ. ಆ ದಿನಗಳು ನನಗೆ ಸುಖವಾಗಿದ್ದವು. ಆಮೇಲೆ ಬಂದರಿನವರ ಕಲ್ಲಿನ ಗೋಡೆ ಸಮುದ್ರದೊಳಕ್ಕೆ ಚಾಚಿತು. ಗೋಡೆಯ ಆ ಕಡೆ ಮರಳು ಗುಡ್ಡೆ ಬಿತ್ತು, ಈ ಕಡೆ ನಮ್ಮ ಮರಳು ಕರಗುತ್ತಾ ಬಂತು. ಗೋಡೆಯನ್ನು ಇನ್ನೂ ಅಷ್ಟೇ ಉದ್ದ ಬೆಳೆಸುತ್ತೇವೆ ಅಂತ ಅವರು ನೋಟೀಸು ಅಂಟಿಸಿದಾಗ ನಾವು ಅಂಗಳದ ಹೆಂಗಸರು ಬೈದುಕೊಂಡು ಮೀನು ತಿರುವಿ ಹಾಕುತ್ತಾ ಕೂತೆವು. ನೀನು ಶಾಲೆಯಿಂದ ಬಂದವಳೇ ಸೀಮೆಸುಣ್ಣದ ಕೈಯಲ್ಲೇ ತಕರಾರು ಅರ್ಜಿ ಬರೆದೆ.

ಅದಕ್ಕೆ ಆಧಾರ ಬೇಕಿತ್ತು. ಆಧಾರ ನನ್ನ ಕಾಲಿನಲ್ಲಿತ್ತು. ಪ್ರತಿ ಹಂಗಾಮಿನ ಮೊದಲ ಬೆಳಿಗ್ಗೆ ಬಾವಿಕಟ್ಟೆಯಿಂದ ಹೆಜ್ಜೆ ಹಾಕಿ ಒಬ್ಬೊಬ್ಬರಿಗೂ ಒಣಗಿಸುವ ಜಾಗ ಹಂಚುವುದು ಅತ್ತೆಯ ಕೆಲಸ, ಅವರ ಮಂಡಿ ಹಿಡಿದ ಮೇಲೆ ನನ್ನದು. ಹನ್ನೊಂದು ವರ್ಷ ಹಾಕಿದ್ದೇನೆ. ಮೊದಲ ವರ್ಷ ನೂರ ನಲವತ್ತು ಹೆಜ್ಜೆ, ಈ ವರ್ಷ ಮೂವತ್ತೆಂಟು. ಯಾವ ವರ್ಷದ್ದೂ ಮರೆತಿಲ್ಲ. ಹೆಜ್ಜೆ ಕಡಿಮೆಯಾದಾಗಲೆಲ್ಲ ಯಾರಿಗಾದರೂ ನಿನಗೆ ಜಾಗ ಇಲ್ಲ ಅಂತ ಹೇಳಬೇಕಾದವಳು ನಾನೇ ತಾನೇ. ನಲವತ್ತು ಜನ ಇದ್ದೆವು, ಈಗ ಹದಿನೆಂಟು.

ನೀನು ಕೇಳಿದೆ, ನಾನು ಒಂದೊಂದಾಗಿ ಹೇಳಿದೆ. ಮುಂದಿನ ವಾರ ಪೇಪರಿನಲ್ಲಿ ನಿನ್ನ ಫೋಟೋ, ಕೈಯಲ್ಲಿ ನನ್ನ ಲೆಕ್ಕ. ಸುದ್ದಿಯ ಕೊನೆಯಲ್ಲಿ ‘ಸ್ಥಳೀಯ ಮಹಿಳೆಯೊಬ್ಬರು ನೀಡಿದ ಮಾಹಿತಿ’ ಅಂತ ಒಂದು ಸಾಲು. ಆ ಒಬ್ಬರು ನಾನು. ಕೈ ಕೆಸರು ನನ್ನದು, ಬಾಯಿ ಮೊಸರು ನಿನ್ನದು. ಅತ್ತೆ ಆ ಪೇಪರನ್ನು ದಿಂಬಿನ ಕೆಳಗಿಟ್ಟುಕೊಂಡರು. ನಿನ್ನ ಭಾವ, ಹದಿನೇಳು ವರ್ಷದಲ್ಲಿ ನನ್ನ ಒಂದು ಮಾತನ್ನೂ ಪೂರ್ತಿ ಕೇಳದ ಮನುಷ್ಯ, ಅವಳು ಮಾತಾಡಿದ್ರೆ ಕೇಳ್ತಾನೇ ಇರಬೇಕು ಅನ್ಸುತ್ತೆ ಅಂದರು. ಆ ರಾತ್ರಿ ಊಟಕ್ಕೆ ತಳ ಹತ್ತಿದ್ದನ್ನೆಲ್ಲ ಅವರ ತಟ್ಟೆಗೇ ಹಾಕಿದೆ. ಅಂಗಳದಲ್ಲೂ ಅಷ್ಟೇ. ಮೊದಲು ಜಗಳವಾದರೆ ನನ್ನ ಹತ್ತಿರ ಬರುತ್ತಿದ್ದರು. ಈಗ ನೀನು ಶಾಲೆ ಬಿಟ್ಟು ಬರುವವರೆಗೆ ಜಗಳವನ್ನು ಎತ್ತಿಡುತ್ತಾರೆ. ಹೊಟ್ಟೆಕಿಚ್ಚು ತಂಗಿ, ಬೇರೆ ಹೆಸರಿಲ್ಲ ಅದಕ್ಕೆ.

ನಮ್ಮ ತಕರಾರು ಕೇಳಲು ಕರೆದ ಸಭೆಗೆ ಎರಡು ದಿನ ಮೊದಲು ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಕ್ಕ, ಹೆಜ್ಜೆ ಎಲ್ಲೀವರೆಗೆ ಎಣಿಸ್ತೀರಿ ಅಂತ ಕೇಳಿದೆ. ನಾವು ಎಣಿಸುವುದು ಕಸದ ಗೆರೆಯವರೆಗೆ. ದೊಡ್ಡ ಉಬ್ಬರದ ನೀರು ಹತ್ತಿ ಬಂದು ಕಡ್ಡಿ, ಚಿಪ್ಪು, ಪಾಚಿ ಬಿಟ್ಟು ಹೋಗುತ್ತದಲ್ಲ, ಆ ಗೆರೆ. ಅದರ ಈಚೆ ಹರವಿದ ಮೀನು ಒಣಗುತ್ತದೆ, ಆಚೆ ಹರವಿದ್ದು ಸಮುದ್ರಕ್ಕೇ ವಾಪಸ್ಸು. ನೀರು ದಿನಕ್ಕೆ ನಾಲ್ಕು ಸಲ ಜಾಗ ಬದಲಿಸಿದರೂ ಆ ಗೆರೆ ಅಲ್ಲೇ ಇರುತ್ತದೆ. ಅಂಗಳದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಅದಕ್ಕೇ ಯಾರೂ ನಿನಗೆ ಹೇಳಿರಲಿಲ್ಲ. ನಾನು ಒಲೆಯಿಂದ ಮುಖ ತಿರುಗಿಸದೆ, ನೀರಿನವರೆಗೆ ಅಂದೆ. ನೀನು ಬರೆದುಕೊಂಡು ಥ್ಯಾಂಕ್ಸ್ ಅಕ್ಕ ಅಂದೆ. ತಿದ್ದಲು ಎರಡು ದಿನ ಇತ್ತು, ತಿದ್ದಲಿಲ್ಲ.

ಸಭೆಯಲ್ಲಿ ನೀನು, ಹೆಜ್ಜೆ ಎಣಿಸಿದ್ದು ನೀರಿನವರೆಗೆ ಅಂತ ಓದಿ ಹೇಳಿದೆ. ಬಂದರಿನ ಎಂಜಿನಿಯರ್ ಒಂದೇ ದಿನದ ಎರಡು ಫೋಟೋ ಎತ್ತಿ ಹಿಡಿದ. ಬೆಳಿಗ್ಗೆ ನೀರು ಬಾವಿಯ ಹತ್ತಿರ, ಮಧ್ಯಾಹ್ನ ಅಷ್ಟು ದೂರ. ಉಬ್ಬರಕ್ಕೊಂದು ಲೆಕ್ಕ, ಇಳಿತಕ್ಕೊಂದು ಲೆಕ್ಕ, ಟೀಚರ್ ಯಾವ ಹೊತ್ತಲ್ಲಿ ಅಳೆದ್ರಂತೆ ಅಂತ ಕೇಳಿದ. ಅವನ ಕಡೆಯವರು ನಕ್ಕರು, ನಮ್ಮವರಲ್ಲೂ ಇಬ್ಬರು ನಕ್ಕರು. ನೀನು ತಿರುಗಿ ನನ್ನನ್ನು ನೋಡಿದೆ. ನಾನು ಎದ್ದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಚಪ್ಪಲಿ ನೋಡಿಕೊಂಡು ಕೂತೆ. ಈ ಅಳತೆ ಒಪ್ಪಲು ಬರುವುದಿಲ್ಲ, ಸರಿಯಾದದ್ದು ಇದ್ದರೆ ಹತ್ತು ದಿನದೊಳಗೆ ಕೊಡಿ, ಇಲ್ಲದಿದ್ದರೆ ಗೋಡೆಗೆ ಒಪ್ಪಿಗೆ ಕೊಡುತ್ತೇವೆ ಅಂತ ಸಭೆ ನಡೆಸಿದ ಅಧಿಕಾರಿ ಹೇಳಿದರು. ನೀನು ಕಾಗದ ಮಡಚುತ್ತಿದ್ದರೆ ನನಗೆ ಹಾಯೆನಿಸಿತು. ಸುಳ್ಳು ಹೇಳಲಾರೆ, ನಿಜವಾಗಿ ಹಾಯೆನಿಸಿತು.

ಅದು ಸಭೆಯ ಬಾಗಿಲು ದಾಟುವವರೆಗೆ ಮಾತ್ರ. ಹೊರಗೆ ನಮ್ಮವರೆಲ್ಲ ನಿಂತಿದ್ದರು. ಯಾರೂ ನಿನ್ನನ್ನು ಬೈಯಲಿಲ್ಲ. ಇನ್ನು ಎಲ್ಲಿ ಒಣಗಿಸೋದು ಅಂತ ಕೇಳಿದರು, ಅದೂ ನನ್ನನ್ನು. ನನ್ನನ್ನೇ ಕೇಳಲಿ ಅಂತ ಎಷ್ಟು ದಿನದಿಂದ ಕಾದಿದ್ದೆನೋ. ಕೇಳಿದಾಗ, ಒಲೆಯ ಮೇಲೆ ಅನ್ನ ಇದೆ ಅಂದು ಮನೆಗೆ ನಡೆದೆ.

ಶುಕ್ರವಾರಕ್ಕೆ ಹತ್ತು ದಿನ ಮುಗಿಯುತ್ತದೆ. ಬಾ. ನನ್ನನ್ನು ಬೈಯುವುದಿದ್ದರೆ ದಾರಿಯಲ್ಲೇ ಯೋಚಿಸಿಕೊಂಡು ಬಾ, ಇಲ್ಲಿ ಸಮಯವಿಲ್ಲ. ಅಧಿಕಾರಿಯನ್ನು ಮರಳಿಗೇ ಕರೆಸೋಣ, ಅವರ ಕಣ್ಣೆದುರೇ ಹೆಜ್ಜೆ ಹಾಕಿ ತೋರಿಸುತ್ತೇನೆ. ಸುಳ್ಳು ಹೇಳಿದ್ದು ನಾನೇ ಅಂತ ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ. ಉಳಿದ ಮಾತೆಲ್ಲ ನೀನೇ ಆಡು, ನನಗೆ ಬರುವುದಿಲ್ಲ. ಅಷ್ಟು ಜನರ ಮುಂದೆ ನೀನು ಮಾತಾಡುವಾಗ ನನಗೆ ಮತ್ತೆ ಹೊಟ್ಟೆ ಉರಿಯುತ್ತದೆ, ಗೊತ್ತು. ಉರಿಯಲಿ.

ಇಂತು,
ಓರಗಿತ್ತಿಯಾದರೂ ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಮನಸ್ಸಿರಲಿಲ್ಲ. ಇದೆಲ್ಲ ಒಳ್ಳೆಯತನದಿಂದ ಬರೆದೆ ಅಂದುಕೊಳ್ಳಬೇಡ. ಇವತ್ತು ಬೆಳಿಗ್ಗೆ ಒಬ್ಬಳೇ ಆ ಅಧಿಕಾರಿಯ ಕಚೇರಿಗೆ ಹೋಗಿದ್ದೆ. ನೀನಿಲ್ಲದೆ ನಾನೇ ಸರಿಮಾಡಿಬಿಡಬೇಕು, ಒಂದು ಸಲ ನನ್ನ ಮುಖವೂ ಪೇಪರಿನಲ್ಲಿ ಬರಲಿ ಅಂತ ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿದ್ದೆ. ಅಧಿಕಾರಿ ಪೂರ್ತಿ ಕೇಳಿದರು. ಆಮೇಲೆ, ತಕರಾರು ಟೀಚರ್ ಹೆಸರಲ್ಲಿದೆ, ಅವರ ಸಹಿ ಇಲ್ಲದೆ ಏನೂ ತಿದ್ದೋಕಾಗಲ್ಲ ಅಂತ ಒಂದು ಫಾರಂ ಕೊಟ್ಟು ಕಳಿಸಿದರು. ಈ ಕಾಗದದ ಜೊತೆ ಅದೂ ಇದೆ. ಎರಡು ಸಹಿಗೆ ಜಾಗ ಇದೆ ಅದರಲ್ಲಿ. ನಾನು ಕೆಳಗೆ ಹಾಕಿದ್ದೇನೆ, ಮೇಲಿನದು ನಿನಗೆ. ಕೈ ಮಾತ್ರ ಮತ್ತೆ ಮತ್ತೆ ಮೇಲಿನದಕ್ಕೇ ಹೋಗುತ್ತಿತ್ತು.