ತಾಳಿಗೆ ಪಿನ್ನು, ಲಿಂಗಕ್ಕೆ ಲಾಕರು

ಮನೋರಂಜನಾ ಉದ್ಯಾನದ ಪ್ರಧಾನ ವ್ಯವಸ್ಥಾಪಕರಿಗೆ,

ಮಾನ್ಯರೇ,

ಒಂದು ವಿಷಯವನ್ನು ಬರೆಯದೇ ಬಿಡೋಣ ಎಂದುಕೊಂಡಿದ್ದೆ. ಬಿಟ್ಟಿದ್ದರೆ ಈ ಪತ್ರಕ್ಕೆ ಇನ್ನಷ್ಟು ಬಲ ಬರುತ್ತಿತ್ತು. ಅದೇನೆಂದರೆ, ನಾನು ಇಷ್ಟಲಿಂಗವನ್ನು ಮೈಮೇಲೆ ಧರಿಸುವುದಿಲ್ಲ. ನನ್ನದು ದೇವರ ಮನೆಯ ಗೂಡಿನಲ್ಲಿರುತ್ತದೆ. ಶಿವರಾತ್ರಿಗೋ ಮನೆಗೆ ಸ್ವಾಮಿಗಳು ಬಂದಾಗಲೋ ಕೊರಳಿಗೆ ಬರುತ್ತದೆ. ಇಂಥವಳು ಇನ್ನೊಬ್ಬರ ಕೊರಳಿನ ಲಿಂಗದ ಪರವಾಗಿ ವಾದ ಮಾಡಬಹುದೇ ಎಂದು ನನ್ನನ್ನೇ ಕೇಳಿಕೊಂಡೆ. ಪೂರ್ತಿ ಉತ್ತರ ಸಿಕ್ಕಿಲ್ಲ. ಆದರೆ ನಡೆದದ್ದು ನಡೆದಿದೆ. ಕಳೆದ ತಿಂಗಳು ನಿಮ್ಮ ಉದ್ಯಾನದ ಹಾರುವ ಜೋಕಾಲಿಯ ಬಾಗಿಲಲ್ಲಿ ನಿಮ್ಮವರು ನಮ್ಮ ಅತ್ತೆ ತಿಪ್ಪೇರುದ್ರಮ್ಮನವರಿಗೆ, ಕೊರಳಲ್ಲಿರುವ ಲಿಂಗವನ್ನು ತೆಗೆದು ಲಾಕರಿನಲ್ಲಿಡಿ, ಇಲ್ಲವಾದರೆ ಸಾಲಿನಿಂದ ಹೊರಗೆ ಬನ್ನಿ ಎಂದರು. ಅತ್ತೆ ಹೊರಗೆ ಬಂದರು. ಅವತ್ತಿನಿಂದ ನಮ್ಮ ಮನೆ ಮೊದಲಿನಂತಿಲ್ಲ.

ಈ ದೂರನ್ನು ಮೊದಲು ಇಂಗ್ಲಿಷಿನಲ್ಲಿ ಇಮೇಲ್ ಮಾಡಿದ್ದೆ. ಕಾನ್ವೆಂಟಿನಲ್ಲಿ ಓದಿದವಳು ನಾನು, ದೂರು ಕೊಡುವ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ನಿಮ್ಮ ಉತ್ತರದ ವೇಗವನ್ನು ಮೆಚ್ಚಬೇಕು. ನಾನು ಕಂಪ್ಯೂಟರಿನ ಮುಂದಿನಿಂದ ಏಳುವ ಮೊದಲೇ ಬಂದಿತ್ತು. ನನ್ನ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳಂತೆ. ನಮ್ಮ ಕುಟುಂಬದ ಸಂತೋಷದ ದಿನಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೇನೆ ಎಂದು ತಿಳಿಸಬೇಕಂತೆ. ನಾನು ಬರೆದದ್ದನ್ನು ಯಾರೂ ಓದಿಲ್ಲ ಎಂದು ಇಷ್ಟು ವಿನಯವಾಗಿ ಹೇಳುವ ವಿಧಾನ ಇದೆಯೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ನಿಮ್ಮಿಂದ ಒಂದಕ್ಷರವೂ ಇಲ್ಲ. ಅದಕ್ಕೇ ಈಗ ಕನ್ನಡದಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಅತ್ತೆಗೆ ಓದಿ ಹೇಳಬೇಕಾದ ಪತ್ರವೂ ಇದೇ.

ಎಲ್ಲಕ್ಕೂ ಮೂಲ ನಿಮ್ಮದೇ ಫ್ಲೆಕ್ಸು. ಚಳ್ಳಕೆರೆಯ ಬಸ್ ನಿಲ್ದಾಣದ ಎದುರು ಬೇಸಿಗೆಯಿಡೀ ಅದು ನಿಂತಿತ್ತು, ಈಗಲೂ ಇದೆ. ‘ಮೂರು ತಲೆಮಾರು, ಒಂದೇ ಜೋಕಾಲಿ’ ಎಂಬ ದೊಡ್ಡ ಅಕ್ಷರ. ಅದರ ಮೇಲೆ ಬಿಳಿ ಕೂದಲಿನ ಅಜ್ಜಿಯೊಬ್ಬರು ಸೀರೆ ಉಟ್ಟು, ಕೊರಳಲ್ಲಿ ಎರಡೆಳೆ ಹವಳದ ಸರ ಹಾಕಿಕೊಂಡು, ಎರಡೂ ಕೈ ಮೇಲೆತ್ತಿ ಆಕಾಶದಲ್ಲಿ ನಗುತ್ತಿದ್ದರು. ಒಂದು ದಿನ ನಾನೂ ಅತ್ತೆಯೂ ಕಣ್ಣಿನ ಡಾಕ್ಟರ ಬಳಿ ಹೋಗಿ ಬರುವಾಗ ಅತ್ತೆ ಅದರ ಕೆಳಗೆ ನಿಂತೇಬಿಟ್ಟರು.

“ಆಯಮ್ಮ ನನ್ ವಾರಿಗೆಯವಳೇ ಅಲ್ವೇನೇ? ಎಂಗೆ ಜೀಕ್ತಾಳೆ ನೋಡು!”

“ಅದು ಫೋಟೋ ಅತ್ತೆ.”

“ಫೋಟೋ ಆದ್ರೇನು, ಕುಂತಿರಾದು ಜೋಕಾಲಿ ಮ್ಯಾಲೇ ತಾನೇ? ನಾನೂ ಒಂದ್ಸಲ ಕುಂತ್ಕಂತೀನಿ ಕಣೇ.”

ನಮ್ಮದು ಶೇಂಗಾ ಎಣ್ಣೆ ಮಿಲ್ಲಿನ ಮನೆ. ಬಂದು ಹೋಗುವವರು ಹೆಚ್ಚು. ಅವರೆಲ್ಲರಿಗೆ ಏನು ಬೇಕು ಎಂದು ಕೇಳುವುದೇ ಅತ್ತೆಯ ಆಯುಷ್ಯದ ಕೆಲಸವಾಗಿತ್ತು. ತನಗೆ ಇದು ಬೇಕು ಎಂದು ಅವರು ಬಾಯಿಬಿಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರ ತವರು ಮೊಳಕಾಲ್ಮೂರು. ಪಂಚಮಿ ಬಂದರೆ ಹಿತ್ತಲ ಬೇವಿನ ಮರಕ್ಕೆ ಹಗ್ಗ ಕಟ್ಟಿ, ನಿಂತುಕೊಂಡೇ ಜೀಕಿ, ಎಲೆ ಕಿತ್ತು ತರುತ್ತಿದ್ದರಂತೆ. ಆಗಲೂ ಕೊರಳಲ್ಲಿ ಲಿಂಗ ಇತ್ತು. ಬೇವಿನ ಮರ ಅದಕ್ಕೆ ಆಕ್ಷೇಪ ಎತ್ತಿದ ನೆನಪು ಅವರಿಗಿಲ್ಲ.

ಹೀಗೆ ಒಂದು ಟ್ರಾವೆಲರ್ ಗಾಡಿ ಮಾಡಿಕೊಂಡು ಬಂದೆವು: ಅತ್ತೆ, ನನ್ನ ಗಂಡ ಮುರುಗೇಶ್, ನಮ್ಮ ಮಗಳು, ಮೊಳಕಾಲ್ಮೂರಿಗೆ ಕೊಟ್ಟಿರುವ ನಾದಿನಿ ಲಕ್ಷ್ಮೀದೇವಿ, ಅಂದರೆ ನಮ್ಮ ಲಕ್ಷ್ಮಕ್ಕ, ನಾನು. ಬೆಳಗಿನ ಹೊತ್ತು ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ನಿಮ್ಮ ಅಲೆಯ ಕೊಳದ ಅಂಚಿನಲ್ಲಿ ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು ಪಾದ ನೆನೆಸಿಕೊಂಡರು. ಲಕ್ಷ್ಮಕ್ಕ ಅಣ್ಣನನ್ನು ನೀರಿನ ಜಾರುಬಂಡೆಗೆ ಹತ್ತಿಸಿ, “ಹೋಗ್ ಹೋಗು, ಮಿಲ್ಲಾಗೆ ಎಣ್ಣೆ ಜಾರಿದಂಗೆ ಜಾರ್ತೀಯ” ಎಂದು ಕೂಗಿದರೆ ಸುತ್ತ ಇದ್ದವರೂ ನಕ್ಕರು. ಮನೆಮಂದಿಯೆಲ್ಲ ಹೊಟ್ಟೆ ತುಂಬ ನಕ್ಕು ಎಷ್ಟೋ ಕಾಲವಾಗಿತ್ತು. ಅಲ್ಲಿಯವರೆಗಿನ ಲೆಕ್ಕಕ್ಕೆ ನಿಮ್ಮ ಐದೂ ನಕ್ಷತ್ರ ತೆಗೆದುಕೊಳ್ಳಿ.

ಹಾರುವ ಜೋಕಾಲಿಗೆ ಸಾಲು ಉದ್ದವಿತ್ತು. ಬಿಸಿಲಲ್ಲಿ ಬಹಳ ಹೊತ್ತು ನಿಂತೆವು. ಅತ್ತೆ ಒಮ್ಮೆಯೂ ಕೂರಬೇಕು ಅನ್ನಲಿಲ್ಲ. ಬಾಗಿಲ ಹತ್ತಿರ ಬಂದಾಗ ನಿಮ್ಮ ಸಿಬ್ಬಂದಿಯ ಸಿದ್ಧತೆ ಕಂಡು ನಾನು ಮೆಚ್ಚಿದೆ. ಸೀರೆ ಹಾರದ ಹಾಗೆ ಮೊಣಕಾಲಿನ ಕೆಳಗೆ ಸುತ್ತುವ ಪಟ್ಟಿ ಇತ್ತು. ಕನ್ನಡಕಕ್ಕೆ ಹಿಂದಿನಿಂದ ಕಟ್ಟುವ ದಾರ ಇತ್ತು. ತಾಳಿ ಇರುವವರಿಗೆ ಒಂದು ಡಬ್ಬಿ ತುಂಬ ಸೇಫ್ಟಿ ಪಿನ್ನು. “ಒಳಗೆ ಹಾಕ್ಕೊಂಡು ಪಿನ್ ಮಾಡ್ಕೊಳಿ ಅಕ್ಕಾ” ಎಂದು ಬಾಗಿಲಲ್ಲಿದ್ದ ಯುವಕ ಲಕ್ಷ್ಮಕ್ಕನಿಗೂ ನನಗೂ ಒಂದೊಂದು ಕೊಟ್ಟರು. ಆಮೇಲೆ ಅತ್ತೆಯ ಕಡೆ ತಿರುಗಿದರು.

“ಅಜ್ಜಿ, ಕತ್ತಲ್ಲಿರೋ ಆ ಬೆಳ್ಳಿ ಡಬ್ಬಿ ತೆಗೀಬೇಕು.”

“ಡಬ್ಬಿ ಅಂತೀಯಲ್ಲಯ್ಯಾ!” ಎಂದರು ಲಕ್ಷ್ಮಕ್ಕ. “ನಿಮ್ಮೂರಾಗೆ ಯಾರೂ ಲಿಂಗ ಕಟ್ಟಾಕಿಲ್ವಾ?”

“ಅವನಿಗೆ ಗೊತ್ತಿಲ್ಲ, ಸುಮ್ನಿರೇ” ಎಂದು ಅತ್ತೆ ಆ ಯುವಕನಿಗೆ ತಾವೇ ಹೇಳಿದರು. “ಇದು ಮೈಮ್ಯಾಲಿಂದ ತೆಗೆಯಂಗಿಲ್ಲ ಕಣಪ್ಪಾ. ಹುಟ್ಟಿದಾಗ ಕಟ್ಟಿದ್ದು. ಮಣ್ಣಾಗೆ ಇಡಾಗ್ಲೂ ಅಂಗೈಯಾಗೆ ಇರ್ತೈತೆ.”

“ಮೇಲೆ ತಿರುಗೋವಾಗ ಹಾರಿ ಮುಖಕ್ಕೆ ಹೊಡಿಯುತ್ತೆ ಅಜ್ಜಿ. ಅದಕ್ಕೇ ಹೇಳ್ತಿರೋದು.”

ಇಲ್ಲಿ ನಿಲ್ಲುತ್ತೇನೆ, ಏಕೆಂದರೆ ಆ ಮಾತು ಸರಿಯಾಗಿತ್ತು. ಲಿಂಗವನ್ನು ಒಳಗಿಟ್ಟು ದಾರದಲ್ಲಿ ತೂಗುವ ಗಟ್ಟಿ ಬೆಳ್ಳಿಯ ಕರಡಿಗೆ ಅಷ್ಟು ವೇಗದಲ್ಲಿ ಕಣ್ಣಿಗೆ ಬಡಿದರೆ ಗತಿಯೇನು? ನಿಯಮ ಮಾಡಿದವರು ದಡ್ಡರಲ್ಲ. ನಿಯಮ ತೆಗೆದುಹಾಕಿ ಎಂದು ನಾನು ಕೇಳುತ್ತಲೂ ಇಲ್ಲ. ಅತ್ತೆಯೂ ಕೇಳಲಿಲ್ಲ. ಅವರು ತುಸು ಯೋಚಿಸಿ, ನಾನಾಗಿದ್ದರೆ ಹೊಳೆಯದ ಒಂದು ದಾರಿ ಹೇಳಿದರು.

“ಕರಡಿಗೆ ಬೇಕಾದ್ರೆ ನಿನ್ ಲಾಕರಿಗೆ ಇಟ್ಕಳಪ್ಪ, ಅದು ಬರೇ ಬೆಳ್ಳಿ. ಲಿಂಗ ಬಟ್ಟೆಯಾಗೆ ಸುತ್ತಿ ರಟ್ಟೆಗೆ ಬಿಗಿಯಾಗಿ ಕಟ್ಕಂತೀನಿ, ಕುಬಸದ ತೋಳಿನ ಒಳಗೆ. ನಮ್ಮಪ್ಪ ಬಾವಿಗೆ ಈಜಾಕೆ ಇಳಿಯಾಗ ಹಂಗೇ ಕಟ್ಕಂತಿದ್ದ.”

ಆ ಯುವಕ ಅತ್ತೆಯ ತೋಳನ್ನೂ ಜೋಕಾಲಿಯನ್ನೂ ನೋಡಿ, “ಹಂಗಾದ್ರೆ ಆಗ್ಬೋದು ಅನ್ಸುತ್ತೆ” ಎಂದರು. ಅವರ ಎದೆಯ ಮೇಲಿದ್ದ ಹೆಸರನ್ನು ನಾನು ಬರೆಯುವುದಿಲ್ಲ. ಆ ಒಂದು ಮಾತಿಗೆ ಅವರ ಕೆಲಸ ಹೋಗಬಾರದು. ಆದರೆ ‘ಅನ್ಸುತ್ತೆ’ ಎನ್ನುವ ಅಧಿಕಾರ ಅವರಿಗಿರಲಿಲ್ಲ. ಮೇಲ್ವಿಚಾರಕರನ್ನು ಕರೆದರು. ಮೇಲ್ವಿಚಾರಕರು ವಾಕಿಟಾಕಿ ಹಿಡಿದು ಬಂದು, ಅತ್ತೆಯ ಮಾತನ್ನು ಅರ್ಧ ಕೇಳಿ, “ಪಾಲಿಸಿಯಲ್ಲಿ ಇಲ್ಲ” ಎಂದರು. ನಾನು ಇಂಗ್ಲಿಷಿಗೆ ಇಳಿದೆ. ಅವರು ನಿಂತ ಭಂಗಿ ಬದಲಾಯಿತು, ಅಜ್ಜಿ ಇದ್ದ ಜಾಗದಲ್ಲಿ ಮೇಡಂ ಬಂತು. ನಿಯಮ ಮಾತ್ರ ಇದ್ದಲ್ಲೇ ಇತ್ತು.

ನಿಯಮದಲ್ಲಿ ತಾಳಿ ಇದೆಯೇ ಎಂದು ಕೇಳಿದೆ. “ಅದು ಸೆಂಟಿಮೆಂಟ್ ಮೇಡಂ, ಅದಕ್ಕೆ ಅಡ್ಜಸ್ಟ್ ಮಾಡಿದ್ದೀವಿ” ಎಂದರು. ಮಾನ್ಯರೇ, ಈ ವಾಕ್ಯವನ್ನು ನೀವು ಎರಡು ಸಲ ಓದಬೇಕು. ಮಾವನವರು ತೀರಿಕೊಂಡ ಮೇಲೆ ಅತ್ತೆಯ ಕೊರಳಲ್ಲಿ ಉಳಿದಿರುವುದು ಲಿಂಗವೊಂದೇ. ಗಂಡ ಬದುಕಿರುವ ಹೆಂಗಸಿನ ಕೊರಳಿಗೆ ನಿಮ್ಮಲ್ಲಿ ಒಂದು ಡಬ್ಬಿ ಪಿನ್ನು. ಇಲ್ಲದವಳ ಕೊರಳಿಗೆ ಲಾಕರು. ಯಾವ ಭಾವನೆ ಭಾವನೆ, ಯಾವುದು ಸಾಮಾನು ಎಂದು ನಿಮ್ಮ ಯಾವ ಕೊಠಡಿಯಲ್ಲಿ ಕುಳಿತು ತೀರ್ಮಾನಿಸುತ್ತೀರಿ?

ನಮ್ಮ ಜಾತಿಗೊಂದು ರಿಯಾಯಿತಿ ಕೇಳುತ್ತಿದ್ದಾಳೆ ಎಂದುಕೊಳ್ಳಬೇಡಿ. ನಮ್ಮ ಹಿಂದೆ ಒಬ್ಬ ತಾಯಿ ತನ್ನ ಮಗಳ ಕೊರಳಿನ ತಾಯಿತದ ಗಂಟನ್ನು ಹಲ್ಲಿನಿಂದ ಬಿಡಿಸುತ್ತಿದ್ದರು. “ಜ್ವರ ಬಂದಾಗ ದರ್ಗಾದಲ್ಲಿ ಕಟ್ಟಿಸಿದ್ದು, ಇವತ್ತಿನ ತನಕ ಬಿಚ್ಚಿಲ್ಲ” ಎಂದು ಯಾರಿಗೆ ಹೇಳುತ್ತಿದ್ದಾರೋ ಗೊತ್ತಾಗದ ಹಾಗೆ ಹೇಳಿದರು. ಅದನ್ನು ನಿಮ್ಮ ನೀಲಿ ಟ್ರೇಯಲ್ಲಿ ಯಾರದೋ ಬೆಲ್ಟು, ವಾಚುಗಳ ಮೇಲೆ ಇಟ್ಟರು. ಅವರಿಗೂ ರಟ್ಟೆ ಇತ್ತು. ಕೇಳುವ ಧೈರ್ಯ ಇರಲಿಲ್ಲ, ಅಷ್ಟೇ.

ಅಷ್ಟರಲ್ಲಿ ಸಾಲು ಸಿಡುಕತೊಡಗಿತ್ತು. “ಈ ವಯಸ್ಸಲ್ಲಿ ಅಜ್ಜಿಗ್ಯಾಕ್ರೀ ಜೋಕಾಲಿ?” ಎಂದು ಒಬ್ಬರು. “ದೇವಸ್ಥಾನಕ್ಕೆ ಕರ್ಕೊಂಡೋಗ್ರೀ” ಎಂದು ಇನ್ನೊಬ್ಬರು. ಲಕ್ಷ್ಮಕ್ಕ ತಿರುಗಿ, “ನಿಮ್ಮಪ್ಪಂದೇನ್ರೀ ಜೋಕಾಲಿ?” ಎಂದರು. ಮೇಲ್ವಿಚಾರಕರು ಸವಾರಿಯನ್ನೇ ನಿಲ್ಲಿಸಿ ಗಡಿಯಾರ ನೋಡುತ್ತ ನಿಂತರು. ಆಗ ನನ್ನ ಗಂಡ, ತಾವೂ ಲಿಂಗ ಧರಿಸುವವರು, ತಾಯಿಯ ಮುಂದೆ ಅಂಗೈ ಚಾಚಿದರು.

“ಅವ್ವಾ, ಐದು ನಿಮಿಷ ತೆಗೆದು ನನ್ ಕೈಗೆ ಕೊಡು. ನಾನು ಹಿಡ್ಕಂಡು ಇಲ್ಲೇ ನಿಂತಿರ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ.”

ಅತ್ತೆ ಮಗನ ಅಂಗೈಯನ್ನು ನೋಡಿದರು, ಮುಖವನ್ನು ನೋಡಲಿಲ್ಲ. ಆಗಲೇ ಸುತ್ತಿದ್ದ ಕಾಲಿನ ಪಟ್ಟಿಯನ್ನು ತಾವೇ ಬಗ್ಗಿ ಬಿಚ್ಚಿ ಆ ಯುವಕನ ಕೈಗೆ ಕೊಟ್ಟು, “ನೀವು ಹತ್ರಿ, ಹುಡುಗಿ ಆಸೆಪಟ್ಟೈತೆ” ಎಂದು ಸರಪಳಿ ದಾಟಿ ಹೋದರು. ನಿಮ್ಮ ಮೇಲ್ವಿಚಾರಕರು ಅವರಿಗೆ ಹಿರಿಯ ನಾಗರಿಕರ ವಿಶ್ರಾಂತಿ ತಾಣದ ದಾರಿ ತೋರಿಸಿ ಉಚಿತ ಮಜ್ಜಿಗೆಯ ಕೂಪನ್ ಕೊಟ್ಟರು. ಅಲ್ಲಿ ಫ್ಯಾನು ಇತ್ತು. ಅದನ್ನೂ ದಾಖಲಿಸುತ್ತೇನೆ. ನನ್ನ ಗಂಡ ಕೆಳಗೇ ನಿಂತರು, ನಾವು ಮೂವರು ಹತ್ತಿದೆವು. ಏಕೆ ಹತ್ತಿದೆವು ಎಂದು ಈಗಲೂ ಹೇಳಲಾರೆ. ತಿರುಗುವಾಗ ಮಗಳು ಕೂಡ ಕೂಗಲಿಲ್ಲ.

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಇದು. ಬೆಳಗಿನ ಪೂಜೆ ಮುಗಿದ ಮೇಲೆ, ಮಿಲ್ಲಿಗೆ ಹೊರಟ ಮಗನ ಹಣೆಗೆ ಅತ್ತೆ ವಿಭೂತಿ ಹಚ್ಚುತ್ತಿದ್ದರು. ನಾನು ಮದುವೆಯಾಗಿ ಬಂದಾಗಿನಿಂದ ಅದು ತಪ್ಪಿದ್ದನ್ನು ನೋಡಿಲ್ಲ. ನಿಮ್ಮಲ್ಲಿಂದ ಬಂದ ಮೇಲೆ ವಿಭೂತಿಯ ತಟ್ಟೆ ಪಡಸಾಲೆಯ ಕುರ್ಚಿಯ ಮೇಲಿರುತ್ತದೆ. ಮುರುಗೇಶ್ ತಾವೇ ಹಚ್ಚಿಕೊಂಡು ಹೋಗುತ್ತಾರೆ. ಜಗಳವಿಲ್ಲ. “ಊಟಕ್ಕೆ ಬಾ”, “ಮಾತ್ರೆ ತಗಂಡ್ಯಾ” ಎಲ್ಲ ನಡೆಯುತ್ತದೆ. ಮೊನ್ನೆ ಲಕ್ಷ್ಮಕ್ಕ ಮೊಳಕಾಲ್ಮೂರಿನಿಂದ ಫೋನ್ ಮಾಡಿ ಗೃಹಪ್ರವೇಶಕ್ಕೆ ಕರೆದಾಗ ಅತ್ತೆ, “ಇನ್ ನನ್ನ ಎಲ್ಲಿಗೂ ಕರೀಬ್ಯಾಡ್ರಿ” ಎಂದರು. ತವರೂರಿಗೂ ಬರುವುದಿಲ್ಲವಂತೆ.

‘ಐದು ನಿಮಿಷ ತೆಗೆದು ಕೊಡು’ ಎಂಬ ಮಾತನ್ನು ಆಡಿದ್ದು ನನ್ನ ಗಂಡ. ನಿಮ್ಮ ಉದ್ಯಾನವಲ್ಲ, ನಿಜ. ನಿಮ್ಮ ವಕೀಲರು ಇದನ್ನೇ ಹೇಳಬಹುದು. ಆದರೆ ಜನ್ಮದಲ್ಲಿ ತಾಯಿಗೆ ಅಂಥ ಮಾತು ಆಡದ ಮನುಷ್ಯನನ್ನು ಬಿಸಿಲಲ್ಲಿ ನಿಲ್ಲಿಸಿ, ಹಿಂದೆ ಜನರನ್ನು ಸಿಡುಕಿಸಿ, ಮುಂದೆ ಸವಾರಿ ನಿಲ್ಲಿಸಿ, ಇದ್ದೊಂದು ಒಳ್ಳೆಯ ದಾರಿಯನ್ನೂ ‘ಪಾಲಿಸಿಯಲ್ಲಿ ಇಲ್ಲ’ ಎಂದು ಮುಚ್ಚಿದರೆ, ಉಳಿಯುವ ಮಾತು ಯಾವುದು? ಆ ಸಾಲಿನ ತುದಿಯಲ್ಲಿ ನಾನೇ ಅದನ್ನು ಆಡಿಬಿಡುತ್ತಿದ್ದೆನೋ ಏನೋ.

ಆದ್ದರಿಂದ ನಾನು ಕೇಳುವುದು ಸಣ್ಣದು. ಮೈಯಿಂದ ಬಿಡಲಾಗದ ವಸ್ತುವನ್ನು ರಟ್ಟೆಗೆ ಬಿಗಿಯಾಗಿ ಕಟ್ಟಿಕೊಳ್ಳಲು ನಿಮ್ಮ ನಿಯಮದಲ್ಲಿ ಒಂದು ಸಾಲು ಸೇರಿಸಿ. ಸೀರೆಗೆ ಪಟ್ಟಿ ಹೊಲಿಸಿದ ದರ್ಜಿಯೇ ತೋಳಿಗೂ ಹೊಲಿಯಬಲ್ಲರು. ಗಂಟು ಭದ್ರವಾಗಿದೆಯೇ ಎಂದು ನೋಡುವ ಅಧಿಕಾರವನ್ನು ಬಾಗಿಲಲ್ಲಿ ನಿಲ್ಲುವವರಿಗೇ ಕೊಡಿ. ಏನೇನು ತೆಗೆಯಬೇಕು ಎಂಬುದನ್ನು ಸಾಲಿನ ತುದಿಯಲ್ಲಲ್ಲ, ಟಿಕೆಟ್ ಕೊಡುವಲ್ಲಿ, ಕನ್ನಡದಲ್ಲಿ ಬರೆದು ಹಾಕಿ. ಇಷ್ಟೂ ಆಗದಿದ್ದರೆ ನಮ್ಮೂರಿನ ಫ್ಲೆಕ್ಸಿನಿಂದ ಆ ಅಜ್ಜಿಯನ್ನು ಕೆಳಗಿಳಿಸಿ. ಹವಳದ ಸರ ಹಾಕಿಕೊಂಡು ಅವರು ಮೇಲೆ ಹೋದದ್ದು ಹೇಗೆ ಎಂದು ನಮಗೆ ಉತ್ತರಿಸುವುದು ಕಷ್ಟವಾಗುತ್ತಿದೆ.

ಇಷ್ಟನ್ನು ನಿನ್ನೆ ಅತ್ತೆಗೆ ಓದಿ ಹೇಳಿದೆ. ನಿಮ್ಮ ಹೆಸರು ಹಾಕಲೇ, ಬೇಡವೇ ಎಂದು ಕೇಳಿದೆ.

“ಹಾಕು. ನಾನೇನ್ ಕದ್ದಿದ್ನಾ?” ಎಂದರು. ಆಮೇಲೆ, “ಅವರು ಒಪ್ಪಿದ್ರೆ ಇನ್ನೊಂದ್ಸಲ ಬರ್ತೀನಿ ಅಂತ ಬರಿ” ಎಂದರು. ನಾನು ಬರೆಯುತ್ತಿದ್ದಂತೆ ಮತ್ತೆ, “ರಟ್ಟೆಗೆ ಕಟ್ಟಾಕೆ ನಂಗೆ ಒಂದೇ ಕೈಲಿ ಆಗಂಗಿಲ್ಲ. ಮುರುಗೇಶನೇ ಕಟ್ಬೇಕು. ಅದನ್ನೂ ಬರಿ.”

ಅದನ್ನು ಮಗನಿಗೆ ತಾವೇ ಹೇಳಬಹುದಲ್ಲ ಎಂದೆ.

“ನೀನು ಬರಿ. ಅವನಿಗೆ ಓದಾಕೆ ಬರ್ತೈತಲ್ಲ.”

ಮಿಲ್ಲಿಗೆ ಭಾನುವಾರ ರಜೆ. ಈ ಪತ್ರವನ್ನು ಅವತ್ತು ನನ್ನ ಗಂಡನ ಮುಂದೆ ಇಡುತ್ತೇನೆ. ಅವರು ಯಾವ ಸಾಲನ್ನು ಹೊಡೆದು ಹಾಕಿದರೂ ಸರಿ, ಅತ್ತೆ ಕೊನೆಗೆ ಬರೆಸಿದ್ದನ್ನು ಉಳಿಸಿದರೆ ಸಾಕು. ನಿಮ್ಮ ಉತ್ತರ ಬರಲಿ ಎಂದು ನಮ್ಮ ಮನೆಯಲ್ಲಿ ಇಬ್ಬರು ಕಾಯುತ್ತಿರುತ್ತಾರೆ. ಕಾಯುತ್ತಿದ್ದೇವೆ ಎಂದು ಇಬ್ಬರೂ ಒಪ್ಪಿಕೊಳ್ಳುವುದಿಲ್ಲ.

ಇಂತಿ,
ನಿಮ್ಮ ಸೇಫ್ಟಿ ಪಿನ್ನನ್ನು ಹಿಂದಿರುಗಿಸಲು ಮರೆತ,
ದಾಕ್ಷಾಯಿಣಿ
ಚಳ್ಳಕೆರೆ

ಅಂಚೆಗೆ ಹಾಕುವುದು: ಸೋಮವಾರ, 16 ಜೂನ್ 2025